ನಕ್ಷೆ ಸೇವೆಗಳ ಸರಪಳಿ ಕೈಕೊಟ್ಟಾಗ: ಲಕ್ಷಣ ಹಿಡಿದು ದೋಷ ಹುಡುಕುವ ಬಗೆ

ಒಂದು ಸರ್ವರಿನಿಂದ ತಾಲ್ಲೂಕಿನ ಗಡಿ, ಇನ್ನೊಂದರಿಂದ ನೆಲದ ಎತ್ತರ, ಮತ್ತೊಂದರಿಂದ ಮಳೆಯ ಅಂಕಿ ತರಿಸಿ, ನಾಲ್ಕನೆಯದರಿಂದ ಇಳಿಜಾರು ಲೆಕ್ಕ ಹಾಕಿಸಿ, ಐದನೆಯದರಿಂದ ನಕ್ಷೆ ಬರೆಸುವುದು ಈಗ ದೊಡ್ಡ ಸಂಸ್ಥೆಗಳಷ್ಟೇ ಮಾಡುವ ಕೆಲಸವಲ್ಲ. ಶಿರಸಿಯ ಸಹಕಾರ ಸಂಘವೊಂದರ ಕಂಪ್ಯೂಟರಿನಲ್ಲೂ, ಕಾರವಾರದ ಕಾಲೇಜಿನ ಪ್ರಯೋಗಾಲಯದಲ್ಲೂ ಇದನ್ನು ಕಟ್ಟಬಹುದು. ಬೇಕಾದ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಕೆಟ್ಟಾಗ ಎಲ್ಲಿ ಕೆಟ್ಟಿತೆಂದು ಹುಡುಕುವುದು ಮಾತ್ರ ಕಷ್ಟ. ಕೂಗಿಕೊಳ್ಳುವುದು ಸಾಮಾನ್ಯವಾಗಿ ಕೊನೆಯ ಕೊಂಡಿ. ತಪ್ಪು ಹುಟ್ಟಿರುವುದು ಮೊದಲನೆಯದರಲ್ಲೋ ಎರಡನೆಯದರಲ್ಲೋ. ಯಾವ ಕೊಂಡಿಯೂ ಕೂಗದೆ, ಎಲ್ಲದರ ಮುಂದೆ ಹಸಿರು ಗುರುತು ಬಿದ್ದು, ತಪ್ಪು ನಕ್ಷೆ ಸದ್ದಿಲ್ಲದೆ ಹೊರಬರುವುದು ಇನ್ನೂ ಕೆಟ್ಟದ್ದು. ಈ ಕೈಪಿಡಿಯ ಹೆಚ್ಚಿನ ಭಾಗ ಆ ಎರಡನೆಯ ಬಗೆಯ ದೋಷಕ್ಕೇ ಮೀಸಲು.

ಉದಾಹರಣೆಗೆ ಒಂದೇ ಸರಪಳಿಯನ್ನು ಇಟ್ಟುಕೊಳ್ಳೋಣ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಅಂಥ ಜಾಗಗಳು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾರವಾರದಿಂದ ಭಟ್ಕಳದವರೆಗೆ ಇನ್ನೆಲ್ಲಿವೆ ಎಂದು ತಿಳಿಯಲು ಹೆದ್ದಾರಿ 66ರ ಎರಡೂ ಬದಿಯ ಕಡಿದಾದ ಇಳಿಜಾರು, ಹಿಂದಿನ ದಿನದ ಮಳೆ, ಪಕ್ಕದ ಮಜರೆಗಳು ಇಷ್ಟನ್ನೂ ಒಂದರ ಮೇಲೊಂದು ಇಟ್ಟು ಪಟ್ಟಿ ತೆಗೆಯಬೇಕು. ಇದರಲ್ಲಿ ನಾಲ್ಕು ಬಗೆಯ ಸೇವೆಗಳು ಬರುತ್ತವೆ. ಡಬ್ಲ್ಯುಎಂಎಸ್ ಕೊಡುವುದು ಚಿತ್ರ. ಡಬ್ಲ್ಯುಎಫ್ಎಸ್ ಕೊಡುವುದು ಗಡಿ, ರಸ್ತೆ, ಬಿಂದುಗಳ ನಿಜವಾದ ದತ್ತಾಂಶ. ಡಬ್ಲ್ಯುಸಿಎಸ್ ಕೊಡುವುದು ಎತ್ತರ, ಮಳೆಯಂಥ ಅಂಕಿಗಳ ಚೌಕುಳಿ. ಡಬ್ಲ್ಯುಪಿಎಸ್ ಲೆಕ್ಕ ಮಾಡಿಕೊಡುತ್ತದೆ. ಇವೆಲ್ಲವೂ 1994ರಲ್ಲಿ ಆರಂಭವಾದ ಓಪನ್ ಜಿಯೋಸ್ಪೇಷಿಯಲ್ ಕನ್ಸಾರ್ಷಿಯಂ ರೂಪಿಸಿದ ಮಾನದಂಡಗಳು. ಅದೇ ಸಂಸ್ಥೆಯ ಹೊಸ ಎಪಿಐಗಳನ್ನು ಬಳಸುವವರಿಗೂ ಕೆಳಗಿನ ಲಕ್ಷಣಗಳಲ್ಲಿ ಹೆಚ್ಚಿನವು ಅನ್ವಯಿಸುತ್ತವೆ.

ಹುಡುಕಲು ಕೂರುವ ಮೊದಲು

ಅಬ್ಬಿಯಿಂದ ಮನೆಗೆ ಎಳೆದ ಪೈಪಿನಲ್ಲಿ ನೀರು ನಿಂತರೆ ಮಲೆನಾಡಿನವರು ಮನೆಯ ನಲ್ಲಿಯನ್ನು ಬಿಚ್ಚುತ್ತಾ ಕೂರುವುದಿಲ್ಲ. ಗುಡ್ಡ ಹತ್ತಿ, ಮೇಲಿನ ಜೋಡಣೆಯಿಂದ ಒಂದೊಂದೇ ಬಿಚ್ಚಿ ನೋಡುತ್ತಾ ಇಳಿಯುತ್ತಾರೆ. ಇಲ್ಲಿಯೂ ಅದೇ ಕ್ರಮ. ಪ್ರತಿ ಕೊಂಡಿಯ ಹೊರಹರಿವನ್ನು ಒಂದು ಕಡತವಾಗಿ ಉಳಿಸುವಂತೆ ಸರಪಳಿಯನ್ನು ಬದಲಿಸಿ. ಮಧ್ಯದ ಫಲಿತಾಂಶ ಕಾಣದ ಸರಪಳಿಯಲ್ಲಿ ದೋಷ ಹುಡುಕುವುದು ಕಾಲಹರಣ. ಅದರ ಬದಲು ಅದನ್ನು ಹೊಸದಾಗಿ ಕಟ್ಟುವುದೇ ಅಗ್ಗ.

ಎರಡನೆಯದಾಗಿ, ಇಡೀ ಜಿಲ್ಲೆಯ ಮೇಲೆ ಪರೀಕ್ಷೆ ಮಾಡಬೇಡಿ. ಕಾಳಿ ನದಿ ಸಮುದ್ರ ಸೇರುವ ಪುಟ್ಟ ಚೌಕ ಸಾಕು: ಅಕ್ಷಾಂಶ 14.8ರಿಂದ 14.9, ರೇಖಾಂಶ 74.1ರಿಂದ 74.2. ಸಮುದ್ರ, ನದಿ, ಸೇತುವೆ, ಸದಾಶಿವಗಡದ ಗುಡ್ಡ ಎಲ್ಲವೂ ಇದರಲ್ಲಿವೆ. ತೊಂದರೆ ಕೊಡುವ ಸಂಗತಿಗಳು ಇಷ್ಟು ಚಿಕ್ಕ ಜಾಗದಲ್ಲಿ ಒಟ್ಟಿಗೆ ಸಿಗುವುದು ಅಪರೂಪ.

ಮೂರು ಎಚ್ಚರಿಕೆಗಳನ್ನು ಈಗಲೇ ಹೇಳಿಬಿಡುತ್ತೇನೆ. ದತ್ತಾಂಶವನ್ನು ತಿದ್ದುವ ಅಥವಾ ಸೇರಿಸುವ ಕೋರಿಕೆ ಸರಪಳಿಯಲ್ಲಿದ್ದರೆ ಅದನ್ನು ಮೊದಲು ಕಳಚಿಡಿ. ಪರೀಕ್ಷೆಯೆಲ್ಲ ನಕಲು ಪ್ರತಿಯ ಮೇಲೆ ನಡೆಯಲಿ. ವಿಳಾಸದಲ್ಲೇ ಗುಪ್ತಪದವೋ ಕೀಲಿಯೋ ಸೇರಿದ್ದರೆ ಆ ವಿಳಾಸವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಕೊನೆಯದು ಎಲ್ಲಕ್ಕಿಂತ ಮುಖ್ಯ: ದೋಷವಿದೆಯೆಂಬ ಅನುಮಾನವಿರುವ ನಕ್ಷೆಯ ಮಾತು ಕೇಳಿ ಯಾರನ್ನೂ ಮನೆ ಬಿಡಿಸಬೇಡಿ, ಯಾರಿಗೂ ‘ಏನೂ ಆಗುವುದಿಲ್ಲ’ ಎಂದು ಧೈರ್ಯ ಹೇಳಬೇಡಿ. ಅಣೆಕಟ್ಟೆಯ ನೀರು ಬಿಡುವ ಸೂಚನೆ, ಗುಡ್ಡ ಕುಸಿತದ ಎಚ್ಚರಿಕೆ ಬರಬೇಕಾದದ್ದು ಜಿಲ್ಲಾಡಳಿತದಿಂದ.

ಲಕ್ಷಣ: ಏನೂ ಬರುತ್ತಿಲ್ಲ

ಬ್ರೌಸರಿನಲ್ಲಿ ಸೇವೆಯ ಸಾಮರ್ಥ್ಯದ ಪಟ್ಟಿ ಕೊಡುವ ‘ಗೆಟ್‌ಕೇಪಬಿಲಿಟೀಸ್’ ವಿಳಾಸವನ್ನು ತೆರೆಯಿರಿ. ಉದ್ದನೆಯ ಎಕ್ಸ್‌ಎಂಎಲ್ ಬಂದರೆ ಸರ್ವರ್ ಜೀವಂತವಾಗಿದೆ. ಬಾರದಿದ್ದರೆ ಮೊಬೈಲಿನ ಬೇರೆ ಜಾಲದಿಂದ ಅದನ್ನೇ ನೋಡಿ. ಮಳೆಗಾಲದಲ್ಲಿ ಘಟ್ಟದ ಮೇಲೆ ಕೇಬಲ್ ತುಂಡಾಗಿ ಅರ್ಧ ತಾಲ್ಲೂಕಿಗೆ ಸಂಪರ್ಕ ಇಲ್ಲದಿರುವುದು ಹೊಸ ಸಂಗತಿಯಲ್ಲ. ಬ್ರೌಸರ್ ಪ್ರಮಾಣಪತ್ರದ ಎಚ್ಚರಿಕೆ ತೋರಿಸಿದರೆ ಅವಧಿ ಮುಗಿದಿರಬಹುದು, ಅಥವಾ ನಿಮ್ಮ ಕಂಪ್ಯೂಟರಿನ ದಿನಾಂಕವೇ ತಪ್ಪಿರಬಹುದು. ಸರಪಳಿಯಲ್ಲಿ ಪ್ರಮಾಣಪತ್ರದ ಪರಿಶೀಲನೆಯನ್ನೇ ಆರಿಸಿಬಿಡಿ ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಕೇಳಬೇಡಿ.

ಪದರದ ಹೆಸರನ್ನು ಆ ಎಕ್ಸ್‌ಎಂಎಲ್‌ನಿಂದಲೇ ನಕಲಿಸಿ. ಸರ್ವರಿನವರು ಹೆಸರು ಬದಲಿಸಿದ್ದು ನಿಮಗೆ ತಿಳಿಯುವುದು ಹೀಗೆ ಮಾತ್ರ.

ಲಕ್ಷಣ: ಎಲ್ಲ ಹಂತವೂ ಯಶಸ್ವಿ, ನಕ್ಷೆ ಮಾತ್ರ ಖಾಲಿ

ಮೊದಲ ಅನುಮಾನ ಸರ್ವರ್ ಉತ್ತರದ ಜೊತೆ ಕಳಿಸುವ 200 ಎಂಬ ಸ್ಥಿತಿಸಂಖ್ಯೆಯ ಮೇಲಿರಲಿ. ಕೋರಿಕೆ ತಲುಪಿತು, ಉತ್ತರ ಬಂತು ಎಂದಷ್ಟೇ ಅದರ ಅರ್ಥ. ಈ ಸೇವೆಗಳು ತಪ್ಪಾದಾಗಲೂ ಹಲವು ಸಲ 200 ಎಂದೇ ಹೇಳಿ, ಒಳಗೆ ‘ಸರ್ವಿಸ್ ಎಕ್ಸೆಪ್ಷನ್’ ಎಂಬ ಎಕ್ಸ್‌ಎಂಎಲ್ ಕಳಿಸುತ್ತವೆ. ನಿಮ್ಮ ಸರಪಳಿ ಅದನ್ನು ಚಿತ್ರವೆಂದೋ ಗಡಿಯೆಂದೋ ಕಣ್ಣು ಮುಚ್ಚಿ ಉಳಿಸಿ ಮುಂದಕ್ಕೆ ತಳ್ಳುತ್ತದೆ. ಉಳಿಸಿದ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಪಿಎನ್‌ಜಿ ಎಂದು ಹೆಸರಿದ್ದು ಒಳಗೆ ಇಂಗ್ಲಿಷ್ ವಾಕ್ಯವಿದ್ದರೆ ದೋಷ ಸಿಕ್ಕಿತು. ಆ ವಾಕ್ಯವನ್ನು ಓದಿ, ಸಾಮಾನ್ಯವಾಗಿ ಅದು ನಿಜವನ್ನೇ ಹೇಳಿರುತ್ತದೆ. ಉತ್ತರದ ವಿಧ ಮತ್ತು ಮೊದಲ ಕೆಲವು ಅಕ್ಷರಗಳನ್ನು ಪರೀಕ್ಷಿಸುವ ಪುಟ್ಟ ಹಂತವೊಂದನ್ನು ಪ್ರತಿ ಕೊಂಡಿಯ ನಂತರ ಸೇರಿಸಿದರೆ ಈ ಜಾತಿಯ ತೊಂದರೆ ಅಲ್ಲಿಗೆ ಮುಗಿಯುತ್ತದೆ.

ಡಬ್ಲ್ಯುಎಂಎಸ್ ಕೋರಿಕೆಯಲ್ಲಿ ‘ಎಕ್ಸೆಪ್ಷನ್ಸ್’ ಎಂಬ ಅಂಶಕ್ಕೆ ‘ಬ್ಲ್ಯಾಂಕ್’ ಎಂದು ಕೊಟ್ಟಿದ್ದರೆ ತಪ್ಪಾದಾಗ ಸರ್ವರ್ ಖಾಲಿ ಚಿತ್ರವನ್ನೇ ಕೊಡುತ್ತದೆ. ನಕ್ಷೆ ನೋಡುವವರ ಕಣ್ಣಿಗೆ ಅಸಹ್ಯವಾಗದಿರಲಿ ಎಂದು ಮಾಡಿದ ಏರ್ಪಾಡು ಅದು. ಸರಪಳಿಯೊಳಗೆ ಅದಕ್ಕೆ ಜಾಗವಿಲ್ಲ; ‘ಎಕ್ಸ್‌ಎಂಎಲ್’ ಎಂದು ಬದಲಿಸಿ.

ಚಿತ್ರ ನಿಜವಾಗಿಯೂ ಚಿತ್ರವೇ ಆಗಿದ್ದರೆ ಪ್ರಮಾಣವನ್ನು ನೋಡಿ. ಕೆಲವು ಪದರಗಳು ಹತ್ತಿರದಿಂದ ಮಾತ್ರ ಕಾಣುವಂತೆ ಹೊಂದಿಸಿರುತ್ತಾರೆ. ಸರ್ವೆ ನಂಬರಿನ ಗಡಿಗಳನ್ನು ಇಡೀ ಜಿಲ್ಲೆಗೆ ಕೇಳಿದರೆ ಖಾಲಿ, ಒಂದು ಗ್ರಾಮಕ್ಕೆ ಕೇಳಿದರೆ ಭರ್ತಿ. ಇನ್ನು ಮೇಲಿನ ಪದರ ಬಂದು ಕೆಳಗಿನದು ಮಾಯವಾಗಿದ್ದರೆ ಚಿತ್ರವನ್ನು ಜೆಪಿಇಜಿಯಾಗಿ ಕೇಳಿದ್ದೀರಿ. ಅದರಲ್ಲಿ ಪಾರದರ್ಶಕತೆ ಇಲ್ಲ. ಪಿಎನ್‌ಜಿ ಕೇಳಿ, ‘ಟ್ರಾನ್ಸ್‌ಪರೆಂಟ್’ ಅಂಶವನ್ನು ‘ಟ್ರೂ’ ಮಾಡಿ.

ಲಕ್ಷಣ: ಕಾರವಾರ ನಾರ್ವೆಯ ಆಚೆಗೆ ಹೋಗಿದೆ

ಎಷ್ಟು ದೂರ, ಯಾವ ದಿಕ್ಕಿಗೆ ಜರುಗಿದೆ ಎಂಬುದೇ ಇಲ್ಲಿ ರೋಗದ ಹೆಸರನ್ನು ಹೇಳುತ್ತದೆ. ನಕ್ಷೆಯನ್ನು ಇಡೀ ಭೂಮಿ ಕಾಣುವಷ್ಟು ಹಿಂದಕ್ಕೆ ಎಳೆದು ನಿಮ್ಮ ಬಿಂದುಗಳು ಎಲ್ಲಿ ಬಿದ್ದಿವೆ ನೋಡಿ.

ನಾರ್ವೆಗೂ ಸ್ವಾಲ್‌ಬಾರ್ಡ್ ದ್ವೀಪಗಳಿಗೂ ನಡುವಿನ ತಣ್ಣನೆಯ ಸಮುದ್ರದಲ್ಲಿ ಬಿದ್ದಿದ್ದರೆ ಅಕ್ಷಾಂಶ, ರೇಖಾಂಶ ಅದಲುಬದಲಾಗಿವೆ. ಕಾರವಾರದ 14.8, 74.1 ತಿರುಗಿದರೆ ಸರಿಯಾಗಿ ಅಲ್ಲಿಗೇ ಹೋಗುತ್ತದೆ. ಇದು ಯಾರ ಅಜಾಗರೂಕತೆಯೂ ಅಲ್ಲ, ಮಾನದಂಡದ ಆವೃತ್ತಿಗಳ ನಡುವಿನ ಜಗಳ. ಡಬ್ಲ್ಯುಎಂಎಸ್ 1.1.1ರಲ್ಲಿ ಇಪಿಎಸ್‌ಜಿ 4326ಕ್ಕೆ (ಜಾಗವನ್ನು ಡಿಗ್ರಿಗಳಲ್ಲಿ ಗುರುತಿಸುವ ಪದ್ಧತಿಯ ಸಂಕೇತ ಸಂಖ್ಯೆ) ಚೌಕದ ಅಳತೆ ಬರೆಯುವಾಗ ರೇಖಾಂಶ ಮೊದಲು: 74.1, 14.8, 74.2, 14.9. ಆವೃತ್ತಿ 1.3.0ಕ್ಕೆ ಬಂದಾಗ ಅಕ್ಷಾಂಶ ಮೊದಲು: 14.8, 74.1, 14.9, 74.2. ಡಬ್ಲ್ಯುಎಫ್ಎಸ್ ಕೂಡ 1.0.0ರಿಂದ 1.1.0ಕ್ಕೆ ಬರುವಾಗ ಹೀಗೇ ಮಗ್ಗಲು ಬದಲಿಸಿತು. ಇತ್ತ ಜಿಯೋಜೇಸನ್ ಎಂಬ ಕಡತದ ರೂಪ ಯಾವಾಗಲೂ ರೇಖಾಂಶವನ್ನೇ ಮೊದಲು ಬರೆಯುತ್ತದೆ. ಒಂದು ಕೊಂಡಿ ಹಳೆಯ ಆವೃತ್ತಿ, ಪಕ್ಕದ್ದು ಹೊಸದು ಎಂದಾದರೆ ಎರಡೂ ತಮ್ಮ ಮಟ್ಟಿಗೆ ಸರಿ, ಕೂಡಿದಾಗ ತಪ್ಪು. ಪರಿಹಾರ: ಕೋರಿಕೆಯಲ್ಲಿ ಆವೃತ್ತಿಯನ್ನು ತಪ್ಪದೆ ನಮೂದಿಸಿ. ನಮೂದಿಸದಿದ್ದರೆ ಸರ್ವರ್ ತನಗೆ ಗೊತ್ತಿರುವ ಅತಿ ಹೊಸ ಆವೃತ್ತಿಯಲ್ಲಿ ಉತ್ತರಿಸಬಹುದು, ಅವರು ತಂತ್ರಾಂಶ ನವೀಕರಿಸಿದ ದಿನವೇ ನಿಮ್ಮ ಕಾರವಾರ ಉತ್ತರಕ್ಕೆ ಹೊರಡುತ್ತದೆ. ಸರ್ವರ್ ಒಪ್ಪುವುದಾದರೆ 1.3.0ರಲ್ಲಿ ‘ಸಿಆರ್‌ಎಸ್:84’ ಕೇಳುವುದು ಇನ್ನೂ ನೆಮ್ಮದಿ. ಅದರಲ್ಲಿ ರೇಖಾಂಶ ಮೊದಲೆಂಬುದಕ್ಕೆ ಎರಡನೆಯ ಮಾತಿಲ್ಲ.

ಆಫ್ರಿಕಾದ ಪಶ್ಚಿಮಕ್ಕೆ ಗಿನಿ ಕೊಲ್ಲಿಯಲ್ಲಿ ಬಿಂದುಗಳು ಗುಡ್ಡೆ ಬಿದ್ದಿದ್ದರೆ ಅವುಗಳ ನಿರ್ದೇಶಾಂಕ ಸೊನ್ನೆ, ಸೊನ್ನೆ. ಖಾಲಿ ಕೋಶವನ್ನು ಯಾವುದೋ ಹಂತ ಸೊನ್ನೆಯೆಂದು ಓದಿದೆ.

ಎಲ್ಲಿಯೂ ಕಾಣದಿದ್ದರೆ ಕಡತ ತೆರೆದು ಅಂಕಿಗಳ ಗಾತ್ರ ನೋಡಿ. ನಮ್ಮ ಜಿಲ್ಲೆಗೆ ಇದು ಬಾಯಿಪಾಠ ಆಗಿರಬೇಕು. 74 ಮತ್ತು 14ರ ಆಸುಪಾಸಿದ್ದರೆ ಅವು ಡಿಗ್ರಿಗಳು. 4ರಿಂದ 5 ಲಕ್ಷ ಮತ್ತು 15ರಿಂದ 17 ಲಕ್ಷದ ಸುತ್ತ ಇದ್ದರೆ ಯುಟಿಎಂ (ಭೂಮಿಯನ್ನು ಆರು ಡಿಗ್ರಿ ಅಗಲದ ವಲಯಗಳಾಗಿ ಹಂಚಿ ಅಳೆಯುವ ಪದ್ಧತಿ) ವಲಯ 43, ಅಂದರೆ ಇಪಿಎಸ್‌ಜಿ 32643, ಮೀಟರುಗಳಲ್ಲಿ. ಮೊದಲ ಅಂಕಿ 82 ಲಕ್ಷ ದಾಟಿದ್ದರೆ ಜಾಲದ ನಕ್ಷೆಗಳು ಬಳಸುವ ವೆಬ್ ಮರ್ಕೇಟರ್, ಇಪಿಎಸ್‌ಜಿ 3857. ಕಡತಕ್ಕೆ ಅಂಟಿಸಿದ ಚೀಟಿ ಏನೇ ಹೇಳಲಿ, ಅಂಕಿಯ ಗಾತ್ರವನ್ನು ನಂಬಿ. ವಲಯ 43ರ ಅಂಕಿಗಳಿಗೆ 44ರ ಚೀಟಿ ಅಂಟಿಸಿದರೆ ಕಾರವಾರ ಆರು ಡಿಗ್ರಿ ಪೂರ್ವಕ್ಕೆ ಜಿಗಿದು ಆಂಧ್ರದ ನೆಲ್ಲೂರು ಜಿಲ್ಲೆಯ ಕರಾವಳಿಗೆ ಹೋಗುತ್ತದೆ. ಅಲ್ಲಿಯೂ ಸಮುದ್ರದಂಚೇ ಇರುವುದರಿಂದ ಹಿನ್ನೆಲೆಯ ನಕ್ಷೆಯಿಲ್ಲದೆ ಬಿಂದುಗಳನ್ನಷ್ಟೇ ನೋಡುವವರಿಗೆ ಅನುಮಾನವೇ ಬರುವುದಿಲ್ಲ.

ನೂರು ಮೀಟರಿಗೂ ಮಿಕ್ಕಿ, ಎಲ್ಲ ಕಡೆ ಒಂದೇ ದಿಕ್ಕಿಗೆ ಜರುಗಿದ್ದರೆ ಕಾರಣ ಹಳೆಯದು. ಸರ್ವೆ ಆಫ್ ಇಂಡಿಯಾದ ಹಳೆಯ ಭೂಪಟಗಳು ಎವರೆಸ್ಟ್ ದೀರ್ಘಗೋಳವನ್ನು ಆಧರಿಸಿವೆ. ಇಂದಿನ ಜಿಪಿಎಸ್ ಡಬ್ಲ್ಯುಜಿಎಸ್ 84ನ್ನು ಆಧರಿಸಿದೆ. ಹಳೆಯ ಭೂಪಟದಿಂದ ಗೆರೆ ಎಳೆದು ಹೊಸ ಚೀಟಿ ಅಂಟಿಸಿದ ಪದರವನ್ನು ಹೆದ್ದಾರಿಯ ಮೇಲಿಟ್ಟರೆ ಗುಡ್ಡದ ತುದಿ ರಸ್ತೆಯ ಇನ್ನೊಂದು ಬದಿಗೆ ಬರುತ್ತದೆ. ಇದನ್ನು ಕೈಯಿಂದ ದೂಡಿ ಸರಿಪಡಿಸಬೇಡಿ. ಸರಿಯಾದ ಪರಿವರ್ತನೆ ಬಳಸಿ, ಅದು ತಿಳಿಯದಿದ್ದರೆ ಪದರ ಮಾಡಿದವರನ್ನೇ ಕೇಳಿ.

ಲಕ್ಷಣ: ಸಾಲುಗಳು ಕಡಿಮೆ ಬಂದಿವೆ

ಎಷ್ಟು ಬಂದಿವೆ ಎಂದು ಎಣಿಸಿ. ಸರಿಯಾಗಿ 1000 ಅಥವಾ 2000 ಎಂಬಂಥ ದುಂಡು ಸಂಖ್ಯೆಯಾದರೆ ಅದು ನಿಮ್ಮ ಮಜರೆಗಳ ಲೆಕ್ಕವಲ್ಲ, ಸರ್ವರಿನ ಮಿತಿ. ಅದು ದೂರು ಹೇಳದೆ ಉಳಿದದ್ದನ್ನು ತನ್ನಲ್ಲೇ ಇಟ್ಟುಕೊಂಡಿದೆ. ಡಬ್ಲ್ಯುಎಫ್ಎಸ್‌ಗೆ ‘ರಿಸಲ್ಟ್‌ಟೈಪ್’ ಎಂಬ ಅಂಶದಲ್ಲಿ ‘ಹಿಟ್ಸ್’ ಎಂದು ಕೊಟ್ಟರೆ ದತ್ತಾಂಶ ಕಳಿಸದೆ ಒಟ್ಟು ಎಣಿಕೆಯನ್ನಷ್ಟೇ ಹೇಳುತ್ತದೆ. ಎರಡನ್ನೂ ಹೋಲಿಸಿ. 2.0.0ರಲ್ಲಿ ‘ಕೌಂಟ್’ ಮತ್ತು ‘ಸ್ಟಾರ್ಟ್‌ಇಂಡೆಕ್ಸ್’ ಬಳಸಿ ಕಂತುಗಳಲ್ಲಿ ತರಿಸಿಕೊಳ್ಳಿ. 1.1.0ರಲ್ಲಿ ಮಿತಿಯ ಅಂಶದ ಹೆಸರು ‘ಮ್ಯಾಕ್ಸ್‌ಫೀಚರ್ಸ್’. ಆವೃತ್ತಿಗೆ ಹೊಂದದ ಹೆಸರು ಕೊಟ್ಟರೆ ಹಲವು ಸರ್ವರುಗಳು ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ.

ಕಂತುಗಳಲ್ಲಿ ತರಿಸುವಾಗ ವಿಂಗಡಣೆಯ ಕ್ರಮವನ್ನೂ ಕೇಳಿ. ಇಲ್ಲವಾದರೆ ಕೆಲವು ಸಾಲು ಎರಡು ಸಲ ಬಂದು, ಕೆಲವು ಬಾರದೆ, ಒಟ್ಟು ಎಣಿಕೆ ಮಾತ್ರ ಸರಿಹೊಂದಬಹುದು. ಎಣಿಕೆ ಸರಿಹೊಂದಿದ ಮೇಲೆ ಯಾರೂ ಹೆಸರು ನೋಡುವುದಿಲ್ಲ, ಅದೇ ಅಪಾಯ.

ಲಕ್ಷಣ: ಹೆಸರು ಒಂದೇ ಇದ್ದರೂ ಎರಡು ಪದರ ಕೂಡುವುದಿಲ್ಲ

ಕನ್ನಡದ ದತ್ತಾಂಶವಿರುವವರಿಗೆ ಇದು ವಿಶೇಷ ಕಾಟ. ಇಂಗ್ಲಿಷ್ ಕೈಪಿಡಿಗಳಲ್ಲಿ ಇದರ ಸುಳಿವು ಸುಲಭವಾಗಿ ಸಿಗುವುದಿಲ್ಲ, ಆದ್ದರಿಂದ ಸ್ವಲ್ಪ ನಿಧಾನವಾಗಿಯೇ ನೋಡೋಣ.

ಒಂದು ಸೇವೆಯ ತಾಲ್ಲೂಕುಗಳ ಪಟ್ಟಿಯನ್ನು ಇನ್ನೊಂದರ ಮಳೆಯ ಪಟ್ಟಿಗೆ ಹೆಸರಿನಿಂದ ಜೋಡಿಸಿದ್ದೀರಿ. ಕಾರವಾರ, ಕುಮಟಾ, ಭಟ್ಕಳ, ಶಿರಸಿ ಜೋಡಿಯಾದವು. ಅಂಕೋಲಾ, ಹೊನ್ನಾವರ, ಮುಂಡಗೋಡ, ಜೋಯಿಡಾ, ದಾಂಡೇಲಿ ಆಗಲಿಲ್ಲ. ಎರಡೂ ಪಟ್ಟಿಯಲ್ಲಿ ಕಾಗುಣಿತ ಒಂದೇ, ಕಣ್ಣಿಗೆ ಕೂದಲೆಳೆಯ ವ್ಯತ್ಯಾಸವಿಲ್ಲ. ಕೈಕೊಟ್ಟ ಐದೂ ಹೆಸರುಗಳಲ್ಲಿ ಏ, ಒ ಅಥವಾ ಓ ಸ್ವರದ ಚಿಹ್ನೆಯಿದೆ. ಯೂನಿಕೋಡಿನಲ್ಲಿ ಈ ಚಿಹ್ನೆಗಳನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ತುಂಡುಗಳನ್ನು ಕೂಡಿಸಿಯೂ ಬರೆಯಬಹುದು. ಹೊನ್ನಾವರದ ಮೊದಲ ಅಕ್ಷರದ ಚಿಹ್ನೆ ಒಂದು ಕಡೆ 0ಸಿಸಿಎ ಎಂಬ ಒಂದೇ ಸಂಕೇತ, ಇನ್ನೊಂದು ಕಡೆ 0ಸಿಸಿ6 ಮತ್ತು 0ಸಿಸಿ2 ಎಂಬ ಎರಡು. ಪರದೆಯ ಮೇಲೆ ಒಂದೇ ರೂಪ, ಕಂಪ್ಯೂಟರಿಗೆ ಬೇರೆ ಬೇರೆ ಪದ. ಪರೀಕ್ಷೆ ಸರಳ: ಸ್ಪ್ರೆಡ್‌ಶೀಟಿನಲ್ಲಿ ಎರಡೂ ಹೆಸರಿನ ಉದ್ದ ಕೇಳಿ. ಸಂಖ್ಯೆ ಬೇರೆಯಾದರೆ ಇದೇ ದೋಷ. ಜೋಡಿಸುವ ಮೊದಲು ಎರಡೂ ಕಡೆಯ ಪಠ್ಯವನ್ನು, ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತನ್ನಿ. ಪೈಥಾನಿನಲ್ಲಿ ಅದು ಒಂದು ಸಾಲಿನ ಕೆಲಸ. ಅದರ ನಂತರವೂ ಉದ್ದ ಬೇರೆಯಿದ್ದರೆ ಕೊನೆಯಲ್ಲಿ ಖಾಲಿ ಜಾಗವೋ, ಅರ್ಧಾಕ್ಷರ ಬಿಡಿಸಲು ಬಳಸುವ ಕಾಣದ ಸಂಕೇತವೋ ಉಳಿದಿದೆ.

ಹೆಸರಿನ ಬದಲು ‘PÁgÀªÁgÀ’ ತರಹದ ಗೀಚು ಕಂಡರೆ ಕಡತ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ತಯಾರಾದದ್ದು. ಅದು ಹಾಳಾಗಿಲ್ಲ, ಯೂನಿಕೋಡಿಗೆ ಪರಿವರ್ತಿಸಿದರೆ ಸಾಕು. ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಮಾತ್ರ ಮೂಲ ಅಕ್ಷರ ಕಳೆದುಹೋಗಿದೆ. ಅದನ್ನು ತಿದ್ದಲಾಗದು, ಹಿಂದಿನ ಹಂತದಿಂದ ಮತ್ತೆ ತರಿಸಬೇಕು.

ಹೆಸರೇ ಬೇರೆ ಇರುವುದೂ ಉಂಟು. 2011ರ ಜನಗಣತಿಯಲ್ಲಿ ಜಿಲ್ಲೆಗೆ 11 ತಾಲ್ಲೂಕು. ಜೋಯಿಡಾ ಅಲ್ಲಿ ಸೂಪಾ ಎಂಬ ಹೆಸರಿನಲ್ಲಿದೆ. ದಾಂಡೇಲಿ ಆಗ ಹಳಿಯಾಳದೊಳಗಿತ್ತು, ಈಗ ಪ್ರತ್ಯೇಕವಾಗಿ ಒಟ್ಟು 12. ಹಳೆಯ ಗಡಿಯ ಪದರಕ್ಕೆ ಹೊಸ ಪಟ್ಟಿಯನ್ನು ಜೋಡಿಸಿದರೆ ದಾಂಡೇಲಿಯ ಮಳೆ ಗಾಳಿಯಲ್ಲಿ ಹೋಗುತ್ತದೆ. ಇಂಗ್ಲಿಷಿನಲ್ಲಿ ಶಿರಸಿಗೂ ಹೊನ್ನಾವರಕ್ಕೂ ಎಷ್ಟು ಬಗೆಯ ಕಾಗುಣಿತ ಇವೆಯೆಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಸಾಧ್ಯವಾದಲ್ಲೆಲ್ಲ ಹೆಸರನ್ನು ಬಿಟ್ಟು, ಜನಗಣತಿಯ ಅಥವಾ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಆಡಳಿತ ಕೋಶದ ಸಂಕೇತ ಸಂಖ್ಯೆಯಿಂದ ಜೋಡಿಸಿ.

ಸರ್ವೆ ನಂಬರುಗಳ ಕಥೆ ಬೇರೆ. 12/1 ಎಂಬ ಹಿಸ್ಸಾ ಸ್ಪ್ರೆಡ್‌ಶೀಟ್ ಹೊಕ್ಕರೆ ದಿನಾಂಕವಾಗಿ ಹೊರಬರುತ್ತದೆ. 45/2 ಮಾತ್ರ ಉಳಿದುಕೊಳ್ಳುತ್ತದೆ, ಏಕೆಂದರೆ 45ನೇ ತಾರೀಕು ಯಾವ ತಿಂಗಳಲ್ಲೂ ಇಲ್ಲ. ಚಿಕ್ಕ ನಂಬರುಗಳಷ್ಟೇ ಕೂಡದಿರುವುದು ಇದರ ಲಕ್ಷಣ. ಆ ಕಂಬವನ್ನು ಪಠ್ಯವೆಂದು ಘೋಷಿಸಿಯೇ ಕಡತ ತೆರೆಯಿರಿ. ಮೂಲದಲ್ಲೇ ದಿನಾಂಕವಾಗಿದ್ದರೆ ಅಂದಾಜಿನ ಮೇಲೆ ತಿರುಗಿ ತಿದ್ದುವ ಸಾಹಸ ಬೇಡ. ಇದು ಜನರ ಜಮೀನು.

ಲಕ್ಷಣ: ಜಿಲ್ಲೆಯಿಡೀ ಪ್ರಪಾತ, ಅಥವಾ ಕಡಲತೀರ ಪಾತಾಳದಲ್ಲಿ

ಇಳಿಜಾರಿನ ನಕ್ಷೆಯಲ್ಲಿ ಸಮುದ್ರ ಬಿಟ್ಟು ಉಳಿದೆಲ್ಲವೂ 90 ಡಿಗ್ರಿಯ ಹತ್ತಿರ ಬಂದಿದೆಯೇ? ಎತ್ತರ ಮೀಟರಿನಲ್ಲಿದೆ, ಅಡ್ಡ ಅಳತೆ ಡಿಗ್ರಿಯಲ್ಲಿದೆ. ಲೆಕ್ಕ ಹಾಕುವ ಕೊಂಡಿ ಎರಡನ್ನೂ ಒಂದೇ ಮಾಪನವೆಂದು ಭಾವಿಸಿ, ಒಂದು ಮೀಟರ್ ಏರನ್ನೂ ಗೋಡೆಯಾಗಿಸಿದೆ. ಜಿಡಾಲ್ ಎಂಬ ತಂತ್ರಾಂಶ ಬಳಸುವವರು 111120 ಎಂಬ ಪ್ರಮಾಣಾಂಕ ಕೊಟ್ಟು ಪಾರಾಗುವುದುಂಟು. ನನ್ನ ಆಯ್ಕೆ ಅದಲ್ಲ: ಇಳಿಜಾರಿಗೆ ಮೊದಲೇ ಎತ್ತರದ ಚೌಕುಳಿಯನ್ನು 32643ಕ್ಕೆ ಪರಿವರ್ತಿಸಿ. ಉತ್ತರ ಕನ್ನಡ ಪೂರ್ತಿ ಒಂದೇ ವಲಯದಲ್ಲಿ ಬರುವುದರಿಂದ ಬೇರೆ ತಲೆನೋವಿಲ್ಲ.

ವಿಸ್ತೀರ್ಣಗಳೆಲ್ಲ ಸುಮಾರು 7 ಶೇಕಡಾ ಹೆಚ್ಚು ಬರುತ್ತಿದ್ದರೆ ವೆಬ್ ಮರ್ಕೇಟರಿನಲ್ಲಿ ಅಳೆದಿದ್ದೀರಿ. ನಮ್ಮ ಅಕ್ಷಾಂಶದಲ್ಲಿ ಅದು ಉದ್ದವನ್ನು 3.4 ಶೇಕಡಾ ಹಿಗ್ಗಿಸುತ್ತದೆ. ಇದು ತುಂಬ ಕಪಟದ ದೋಷ. ಎರಡು ಪಟ್ಟು ಬಂದಿದ್ದರೆ ಯಾರಾದರೂ ಗಮನಿಸುತ್ತಿದ್ದರು. ಎಕರೆಗೆ ಮೂರು ಗುಂಟೆ ಹತ್ತಿರ ಹೆಚ್ಚಾದರೆ ಖುಷಿಯಾಗಿಯೇ ಇರುತ್ತಾರೆ.

ಯಾವುದೋ ಹಳ್ಳಿಯ ಸರಾಸರಿ ಎತ್ತರ ಸಾವಿರಾರು ಮೀಟರ್ ಋಣದಲ್ಲಿದ್ದರೆ ‘ದತ್ತಾಂಶ ಇಲ್ಲ’ ಎಂಬ ಗುರುತನ್ನು ಅಂಕಿಯೆಂದು ಓದಲಾಗಿದೆ. 2000ದ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆ ಅಳೆದ ಎಸ್‌ಆರ್‌ಟಿಎಂ ಎತ್ತರಗಳಲ್ಲಿ ಆ ಗುರುತು -32768, ಬೇರೆ ಕಡೆ -9999 ಸಾಮಾನ್ಯ. ಗುರುತನ್ನು ಘೋಷಿಸದೆ ಪರಿವರ್ತನೆ ಮಾಡಿದರೆ ಅಂಚಿನ ಚೌಕಗಳಲ್ಲಿ ಅದು ನಿಜವಾದ ಎತ್ತರದೊಡನೆ ಬೆರೆತು ವಿಚಿತ್ರ ಸಂಖ್ಯೆಗಳಾಗುತ್ತವೆ, ಆಮೇಲೆ ಸೋಸುವುದು ಕಷ್ಟ. ಕಾರವಾರದ ಟ್ಯಾಗೋರ್ ಕಡಲತೀರ ಹತ್ತಾರು ಮೀಟರ್ ಮಾತ್ರ ಕೆಳಗೆ ತೋರುತ್ತಿದ್ದರೆ ವಿಷಯ ಬೇರೆ: ಜಿಪಿಎಸ್‌ನ ದೀರ್ಘಗೋಳದ ಎತ್ತರವನ್ನು ಸಮುದ್ರ ಮಟ್ಟದ ಎತ್ತರದೊಡನೆ ಬೆರೆಸಿದ್ದೀರಿ.

ಲಕ್ಷಣ: ಮಳೆ ಒಂದು ದಿನ ಹಿಂದೆ ಅಥವಾ ಮುಂದೆ

ಗುರುವಾರ ಸುರಿದ ಮಳೆ ಶುಕ್ರವಾರದ ಸಾಲಿನಲ್ಲಿದೆಯೇ? ಭಾರತೀಯ ಹವಾಮಾನ ಇಲಾಖೆಯ ದಿನದ ಮಳೆಯೆಂದರೆ ಬೆಳಗಿನ 8.30ಕ್ಕೆ ಮುಗಿಯುವ 24 ಗಂಟೆಗಳದ್ದು. ಉಪಗ್ರಹ ಆಧಾರಿತ ಹಲವು ಉತ್ಪನ್ನಗಳ ದಿನ ಯುಟಿಸಿ ಎಂಬ ಜಾಗತಿಕ ಸಮಯದ ಮಧ್ಯರಾತ್ರಿಗೆ, ಅಂದರೆ ನಮ್ಮ ಬೆಳಗಿನ 5.30ಕ್ಕೆ ಆರಂಭವಾಗುತ್ತದೆ. ಇವೆರಡನ್ನೂ ತಾರೀಕು ನೋಡಿ ಜೋಡಿಸಿದರೆ ಜುಲೈ ತಿಂಗಳ ಒಂದು ರಾತ್ರಿಯ ಸುರಿತ ಎರಡು ಬೇರೆ ದಿನಗಳಿಗೆ ಹಂಚಿಹೋಗುತ್ತದೆ. ಗುಡ್ಡ ಕುಸಿತದ ಲೆಕ್ಕದಲ್ಲಿ ಇದು ಸಣ್ಣ ತಪ್ಪಲ್ಲ. ಸಮಯವನ್ನು ಸರಪಳಿಯುದ್ದಕ್ಕೂ ಯುಟಿಸಿಯಲ್ಲೇ ಇಟ್ಟು, ತೋರಿಸುವಾಗ ಮಾತ್ರ ಭಾರತೀಯ ಸಮಯಕ್ಕೆ ತಿರುಗಿಸಿ.

ಲಕ್ಷಣ: ಕುಸಿದ ಸೇತುವೆ ಇನ್ನೂ ನಿಂತಿದೆ

ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿಯಿತು. ನೀವು ಪದರ ತಿದ್ದಿದ ಮೇಲೂ ನಕ್ಷೆಯಲ್ಲಿ ಅದು ಕಾಣುತ್ತಿದ್ದರೆ ಬ್ರೌಸರಿನ ಸಂಗ್ರಹ ಖಾಲಿ ಮಾಡಿ, ನಂತರ ಸರ್ವರ್ ಮೊದಲೇ ಬರೆದಿಟ್ಟ ನಕ್ಷೆಯ ಚೂರುಗಳ (ಟೈಲ್) ಸಂಗ್ರಹವನ್ನು. ಒಂದು ಪ್ರಮಾಣದಲ್ಲಿ ಸೇತುವೆ ಇಲ್ಲ, ಇನ್ನೊಂದರಲ್ಲಿ ಇದೆ ಎಂದಾದರೆ ಅದು ಬಹುಶಃ ಸಂಗ್ರಹದ ಕೆಲಸ.

ಲಕ್ಷಣ: ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಸರಿ, ಬ್ರೌಸರಿನಲ್ಲಿ ಇಲ್ಲ

ಬ್ರೌಸರಿನಲ್ಲಿ ಎಫ್12 ಒತ್ತಿ ಕೆಂಪು ಸಾಲುಗಳನ್ನು ಓದಿ. ‘ಸಿಒಆರ್‌ಎಸ್’ ಎಂದಿದ್ದರೆ ಬೇರೆ ತಾಣದ ಪುಟಕ್ಕೆ ದತ್ತಾಂಶ ಕೊಡಲು ಸರ್ವರ್ ಅನುಮತಿಸಿಲ್ಲ. ತಿದ್ದಬೇಕಾದದ್ದು ಅಲ್ಲಿ, ನಿಮ್ಮ ಪುಟದಲ್ಲಲ್ಲ. ನಿಮ್ಮ ಪುಟ ಸುರಕ್ಷಿತ ವಿಳಾಸದಲ್ಲಿದ್ದು ಸೇವೆ ಹಳೆಯ ಎಚ್‌ಟಿಟಿಪಿಯಲ್ಲಿದ್ದರೂ ಬ್ರೌಸರ್ ತಡೆಯುತ್ತದೆ.

ಸರ್ವರಿನ ಸಾಮರ್ಥ್ಯದ ಪಟ್ಟಿಯೊಳಗೆ ‘ಲೋಕಲ್‌ಹೋಸ್ಟ್’ ಎಂಬ ವಿಳಾಸ ಇದೆಯೇ ಎಂದೂ ನೋಡಿ. ಇದ್ದರೆ ಮೊದಲ ಕೋರಿಕೆ ಸರಿಯಾಗಿ ಹೋಗಿ, ಎರಡನೆಯದು ನಿಮ್ಮ ಕಂಪ್ಯೂಟರಿಗೇ ವಾಪಸ್ ಬರುತ್ತದೆ. ಜಿಯೋಸರ್ವರ್ ಎಂಬ ನಕ್ಷೆ ಸೇವೆಯ ತಂತ್ರಾಂಶದಲ್ಲಿ ಪ್ರಾಕ್ಸಿ ಮೂಲ ವಿಳಾಸ ತುಂಬದಿರುವುದು ಇದಕ್ಕೆ ಕಾರಣ.

ಲಕ್ಷಣ: ಅರ್ಧದಲ್ಲಿ ನಿಲ್ಲುತ್ತದೆ

ಗಡಿಯಾರ ಹಿಡಿಯಿರಿ. ಪ್ರತಿ ಸಲವೂ ಸರಿಯಾಗಿ 60 ಸೆಕೆಂಡಿಗೆ ಸತ್ತು 504 ಎಂದರೆ ಲೆಕ್ಕದ ಸರ್ವರಿಗೆ ಏನೂ ಆಗಿಲ್ಲ. ಮುಂದಿರುವ ಎಂಜಿನ್‌ಎಕ್ಸ್‌ನಂಥ ದ್ವಾರಪಾಲಕ ಕಾದು ಬೇಸತ್ತಿದೆ. ಅದರ ಪೂರ್ವನಿಯೋಜಿತ ಅವಧಿ ಅಷ್ಟೇ. ಹಿಂದೆ ಲೆಕ್ಕ ಇನ್ನೂ ನಡೆಯುತ್ತಿರಬಹುದು, ಆದ್ದರಿಂದ ಮತ್ತೆ ಮತ್ತೆ ಒತ್ತಿದರೆ ಅದೇ ಭಾರೀ ಲೆಕ್ಕ ಹಲವು ಪ್ರತಿಗಳಲ್ಲಿ ಓಡಿ ಸರ್ವರ್ ನಿಜವಾಗಿಯೇ ಮಲಗುತ್ತದೆ. ದೀರ್ಘ ಲೆಕ್ಕಗಳನ್ನು ಡಬ್ಲ್ಯುಪಿಎಸ್‌ನ ಅಸಮಕಾಲಿಕ ವಿಧಾನದಲ್ಲಿ ಕೊಡಿ: ಕೆಲಸ ಒಪ್ಪಿಸಿ, ಸ್ಥಿತಿಯ ವಿಳಾಸ ಪಡೆದು, ಆಗಾಗ ಕೇಳಿ. ಫಲಿತಾಂಶ ಸಿಕ್ಕ ಕೂಡಲೇ ಇಳಿಸಿಕೊಳ್ಳಿ. ಫಲಿತಾಂಶದ ಆ ವಿಳಾಸ ಕೆಲವು ಸಮಯದ ನಂತರ ಅಳಿಸಿಹೋಗುತ್ತದೆ.

414 ಎಂದರೆ ವಿಳಾಸ ಅತಿ ಉದ್ದ, ಬಹುಶಃ ಕರಾವಳಿಯ ಗೆರೆಯನ್ನು ಪೂರ್ತಿ ಅದರೊಳಗೆ ತುರುಕಿದ್ದೀರಿ. ‘ಪೋಸ್ಟ್’ ವಿಧಾನ ಬಳಸಿ. 429 ಎಂದರೆ ತುಂಬ ಬೇಗ ಬೇಗ ಕೇಳುತ್ತಿದ್ದೀರಿ. ಸಾರ್ವಜನಿಕ ಸೇವೆಗಳಿಗೆ ಲೆಕ್ಕವಿದೆ: ಓಪನ್‌ಸ್ಟ್ರೀಟ್‌ಮ್ಯಾಪಿನ ಸ್ಥಳ ಹುಡುಕುವ ಸೇವೆ ನೊಮಿನಾಟಿಮ್ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಕೋರಿಕೆ ಒಪ್ಪುವುದಿಲ್ಲ. ನಿಧಾನಿಸಿ, ಸಿಕ್ಕಿದ್ದನ್ನು ನಿಮ್ಮಲ್ಲೇ ಉಳಿಸಿಕೊಳ್ಳಿ.

ಸ್ವಯಂಚಾಲಿತ ಮರುಯತ್ನ ಇಟ್ಟಿದ್ದರೆ ಓದುವ ಕೋರಿಕೆಗಳಿಗೆ ಮಾತ್ರ ಇರಲಿ. ಸೇರಿಸುವ ಕೋರಿಕೆ ಕೆಲಸ ಮುಗಿಸಿ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿದ್ದರೆ, ಮರುಯತ್ನದಿಂದ ಒಂದೇ ಮಜರೆ ಎರಡಾಗುತ್ತದೆ.

ಲಕ್ಷಣ: ಅಳಿವೆಯ ಬಳಿ ಬಂದಾಗ ಮಾತ್ರ ಸೋಲುತ್ತದೆ

ಘಟ್ಟದ ಮೇಲಿನ ತಾಲ್ಲೂಕುಗಳು ಸಲೀಸಾಗಿ ಮುಗಿದು, ಅಘನಾಶಿನಿ ಅಳಿವೆ ತಲುಪಿದಾಗ ‘ಟೋಪಾಲಜಿ ಎಕ್ಸೆಪ್ಷನ್’ ಬಂದರೆ ದೋಷ ಆಕೃತಿಯಲ್ಲಿದೆ. ನದಿಯಂಚು, ಕಾಂಡ್ಲಾ ಕಾಡು, ಉಪ್ಪುನೀರಿನ ಗಜನಿ ಗದ್ದೆ ಇವುಗಳ ಗಡಿಗಳನ್ನು ಬೇರೆ ಬೇರೆಯವರು, ಬೇರೆ ಬೇರೆ ಭರತ ಇಳಿತದ ಚಿತ್ರ ನೋಡಿ ಎಳೆದಿರುತ್ತಾರೆ. ಗೆರೆ ತನ್ನನ್ನೇ ದಾಟುತ್ತದೆ, ಎರಡು ಗಡಿಗಳ ನಡುವೆ ಸೀಳಿನಂಥ ಚೂರುಗಳು ಉಳಿಯುತ್ತವೆ. ಕ್ಯೂಜಿಐಎಸ್‌ನ ಸಿಂಧುತ್ವ ಪರೀಕ್ಷೆ ನಿಖರವಾದ ಬಿಂದುವನ್ನು ತೋರಿಸುತ್ತದೆ. ದತ್ತಾಂಶ ಕೋಶದ ತಂತ್ರಾಂಶವಾದ ಪೋಸ್ಟ್‌ಜಿಐಎಸ್‌ನಲ್ಲಿ ‘ಎಸ್‌ಟಿ ಮೇಕ್‌ವ್ಯಾಲಿಡ್’ ಬಳಸಿ. ಸೊನ್ನೆ ಅಗಲದ ಬಫರ್ ಹಾಕುವ ಹಳೆಯ ಉಪಾಯ ಕೆಲವೊಮ್ಮೆ ಗದ್ದೆಯ ಒಂದು ಭಾಗವನ್ನೇ ನುಂಗುತ್ತದೆ. ತಿದ್ದುವ ಮೊದಲಿನ ಮತ್ತು ನಂತರದ ವಿಸ್ತೀರ್ಣ ಹೋಲಿಸದೆ ಮುಂದೆ ಹೋಗಬೇಡಿ. ಗಡಿ ಯಾರದ್ದು ಸರಿ ಎಂಬ ಪ್ರಶ್ನೆ ಎದ್ದರೆ ಅದು ತಂತ್ರಾಂಶದ ಪ್ರಶ್ನೆಯಲ್ಲ, ಊರಿನವರ ಮತ್ತು ಇಲಾಖೆಯ ಪ್ರಶ್ನೆ.

ಎಲ್ಲಿ ನಿಲ್ಲಿಸಿ ನೆರವು ಕೇಳಬೇಕು

ಕೈಯಿಂದ ಕಳಿಸಿದ ಒಂದೇ ಕೋರಿಕೆ, ಪುಟ್ಟ ಚೌಕ, ನಮೂದಿಸಿದ ಆವೃತ್ತಿ, ಇಷ್ಟಿದ್ದೂ ತಪ್ಪು ಉತ್ತರ ಬಂದರೆ ದೋಷ ನಿಮ್ಮ ಬಳಿ ಇಲ್ಲ. ಸರ್ವರಿನ ಲಾಗ್ ಓದಲು ಅನುಮತಿಯಿಲ್ಲದೆ ಅದರಾಚೆ ಹೋಗುವುದು ಊಹೆ. ದತ್ತಾಂಶ ಕೋಶದ ಗುಪ್ತಪದ ನಿಮಗೆ ಗೊತ್ತಿರುವುದು ತಿದ್ದಲು ಅನುಮತಿಯಲ್ಲ. ಕೈಗಾ, ನೌಕಾನೆಲೆಯಂಥ ಜಾಗಗಳ ಸುತ್ತ ಪದರ ಖಾಲಿ ಇದ್ದರೆ ಅದು ದೋಷವಾಗಿರದೆ ಉದ್ದೇಶಪೂರ್ವಕವಾಗಿರಬಹುದು. ಬೇರೆ ಮೂಲದಿಂದ ತುಂಬಿಸಿ ಪ್ರಕಟಿಸುವ ಮೊದಲು ನಿಯಮ ಕೇಳಿಕೊಳ್ಳಿ. ನಕ್ಷೆ ಸರಿಯೇ ಎಂದು ನೋಡಲು ಜಿಪಿಎಸ್ ಹಿಡಿದು ಮಳೆಯಲ್ಲಿ ಗುಡ್ಡದ ಬುಡಕ್ಕೋ ನೀರು ಬಿಟ್ಟ ನದಿಯ ದಂಡೆಗೋ ಹೋಗಬೇಡಿ, ಬಿಸಿಲು ಬರುವವರೆಗೆ ಅದು ಕಾಯಬಹುದು.

ನೆರವು ಕೇಳುವಾಗ ‘ನಕ್ಷೆ ಬರುತ್ತಿಲ್ಲ’ ಎಂದಷ್ಟೇ ಬರೆದರೆ ಉತ್ತರವೂ ಅಷ್ಟೇ ಬರುತ್ತದೆ. ಸೋತ ಕೋರಿಕೆಯ ಪೂರ್ತಿ ವಿಳಾಸ, ಬಂದ ಉತ್ತರದ ಕಡತ, ಸೇವೆಯ ಆವೃತ್ತಿ, ನಡೆದ ದಿನಾಂಕ ಮತ್ತು ಸಮಯ ಕಳಿಸಿ. ಸಮಯ ಭಾರತೀಯವೋ ಯುಟಿಸಿಯೋ ಎಂದು ಬರೆಯಿರಿ. ಅದೇ ಕೋರಿಕೆ ಹಿಂದೆ ಸರಿಯಾಗಿ ಬಂದಿದ್ದರೆ ಆ ಹಳೆಯ ಕಡತವನ್ನೂ ಜೊತೆಗಿಡಿ. ಕಳಿಸುವ ಮೊದಲು ವಿಳಾಸದೊಳಗಿನ ಕೀಲಿಯನ್ನು ಅಳಿಸಿ, ಈಗಾಗಲೇ ಎಲ್ಲಿಯಾದರೂ ಹಂಚಿದ್ದರೆ ಹೊಸ ಕೀಲಿ ಪಡೆದುಕೊಳ್ಳಿ.